ಹೋದ ವರ್ಷದ ಜಿಂಕೆ

ವಿಸ್ಕಾನ್ಸಿನ್‌ನ ನಮ್ಮೂರ ಬೇಟೆ ಸಾಮಾನಿನ ಅಂಗಡಿ. ಸಾಲಿನಲ್ಲಿ ನನ್ನ ಮುಂದೆ ಅಪ್ಪ, ಮಗಳು. ನಾಳೆ ಸರ್ಕಾರಿ ಕಾಡಿನಲ್ಲಿ ಮಕ್ಕಳ ಜಿಂಕೆ ಬೇಟೆ. ದೊಡ್ಡವರು ಜೊತೆಗಿರಬಹುದು, ಗುಂಡು ಹಾರಿಸುವಂತಿಲ್ಲ.

“ಬ್ರಿಟ್ಟಾ, ಬೇಟೆಗಾರರ ಈ ಕಿತ್ತಳೆ ಜಾಕೆಟ್ ಹಾಕ್ಕೊಂಡು ನೋಡು.”

“ನೀನೇ ಹಾಕ್ಕೋ. ಹೊಡೆಯೋನು ನೀನೇ ತಾನೇ?”

“ಮೆಲ್ಲಗೆ ಮಾತಾಡೇ!”

“ಹೋದ್ ವರ್ಷ ಜಿಂಕೆ ನೀನು ಹೊಡೆದು, ನನ್ನ ಮೊದಲ ಬೇಟೆಯ ಶಾಸ್ತ್ರ ಅಂತ ಅದರ ರಕ್ತ ನನ್ನ ಕೆನ್ನೆಗೆ ಬಳಿದು ಫೋಟೋ ತೆಗೆದೆ. ಥೂ!”

“ನಿನ್ ಕೈ ನಡುಗ್ತಿತ್ತಲ್ಲೇ, ಗುರಿ ತಪ್ಪುತ್ತೆ ಅಂತ...”

“ತಪ್ಪಿದ್ರೆ ತಪ್ಪಲಿ. ನನ್ ಕೈ ತಾನೇ?”

“ಅಜ್ಜಿ ಆ ಫೋಟೋಗೆ ಫ್ರೇಮು ಹಾಕಿಸಿದಾಳೆ, ಗೊತ್ತಾ?”

“ಗೊತ್ತು. ಅದಕ್ಕೇ ಅವಳ ಮನೆಗೆ ಹೋಗೋದು ಬಿಟ್ಟಿರೋದು.”

ಅವರ ಸರದಿ ಬಂತು.

“ನಾಳೆ ಇವಳ ಮೊದಲ ಬೇಟೆನಾ?” ಅಂಗಡಿಯವಳು ಕೇಳಿದಳು.

“ಛೆ, ಹೋದ್ ವರ್ಷಾನೇ ಒಂದು ಹೊಡೆದಳು ನಮ್ಮ ಹುಡುಗಿ!” ಅಪ್ಪ ಎದೆಯುಬ್ಬಿಸಿದ.

ಬ್ರಿಟ್ಟಾ ತೋಳಿನಿಂದ ಕೆನ್ನೆ ಉಜ್ಜಿಕೊಳ್ಳುತ್ತಾ ಹೊರಗೆ ನಡೆದುಬಿಟ್ಟಳು.