ಕ್ಯಾಸೆಟ್ಟಿನ್ಯಾಗಿನ ಒಡಪು

ಕಂದೀಲು ಸಣ್ಣದು ಮಾಡ್ರಿ. ಕರೆಂಟ್ ಬರೋತನಕ ಹೇಳ್ತೀನಿ, ನಡುವ ಯಾರೂ ಬಾಯಿ ಹಾಕಬ್ಯಾಡ್ರಿ. ನಗೋರು ಈಗ್ಲೇ ಎದ್ದು ಒಳಗ ಹೋಗಿ ಮಕ್ಕೋಳ್ರಿ.

ಎಂಬತ್ತೇಳನೇ ಇಸ್ವಿ. ಮಾನ್ವ್ಯಾಗ. ನಾನೂ ನಮ್ಮ ವೆಂಕಿನೂ ಒಂದು ತೊಟ್ಟಿಲ ಕಾರ್ಯ ಮುಗಿಸಿಕೊಂಡು ಮನಿಗೆ ಬರಾಕತ್ತಿದ್ವಿ. ವೆಂಕಿ ಅಂದ್ರ ವೆಂಕಮ್ಮ, ನಮ್ಮ ಚಿಗವ್ವನ ಮಗಳು, ಹಿರೇಕೊಟ್ನೆಕಲ್ಲಿನಾಕಿ. ಹೈಸ್ಕೂಲಿನ ಮೌನಪ್ಪ ಮಾಸ್ತರಿಗೆ ಕೊಟ್ಟಿದ್ರು. ನಮ್ಮ ಮನಿ ದಾಟಿ ಮೂರನೇ ಮನಿ ಅವರದು. ರಾತ್ರಿ ಹತ್ತೂವರಿ ಆಗಿತ್ತು, ಓಣ್ಯಾಗ ಕರೆಂಟ್ ಇಲ್ಲ. ಹಳೇ ಕಲ್ಲುಬಾವಿ ದಾಟಬೇಕು... ದಾಟಿದ್ವಿ. ಬಾವಿ ಗಡಗಡಿ ಕಿರ್... ಕಿರ್... ಅಂತಿತ್ತು. ಅದು ಗಾಳಿ. ಅದಕ್ಕ ನಾ ಅಂಜಾಕಿ ಅಲ್ಲ.

ವೆಂಕಿ ನಿಂತುಬಿಟ್ಲು.

"ಅಕ್ಕಾ... ಕೇಳಾಕತ್ತಾದೇನು?"

ಕಿವಿಗೊಟ್ಟೆ. ಟಿಕ್. ... ಟಿಕ್ ಟಿಕ್. ... ಟಿಕ್. ಗಡಿಯಾರದಂಗ ಒಂದೇ ಸಮ ಇರಲಿಲ್ಲ. ಯಾರೋ ಒಂದೊಂದೇ ಹುಡುಕಿ ಹುಡುಕಿ ಒತ್ತಿದಂಗ. ಸಪ್ಪಳ ಆಕೀ ಮನಿ ಒಳಗಿಂದ. ಬಾಗಲಿಗೆ ಕೀಲಿ ಅದ, ಕೀಲಿಕೈ ಆಕೀ ಸೊಂಟದಾಗ ಅದ. ಮಾಸ್ತರು ರಾಯಚೂರಾಗ ಹತ್ತು ದಿನದ ಟ್ರೇನಿಂಗಿಗೆ ಹೋಗ್ಯಾರ.

"ನಿಮ್ಮವರು ಬಂದಾರೇನಬೇ?" ಅಂದೆ.

"ಇಲ್ಲ. ಆಕೀ ಹೊಡಿಯಾಕತ್ತಾಳ."

ಯಾವಾಕಿ ಅಂತ ನಾ ಕೇಳಲಿಲ್ಲ. ನನಗ ಗೊತ್ತಿತ್ತು. ನಿಮಗ ಗೊತ್ತಿಲ್ಲ, ಅದಕ್ಕ ಹಿಂದಿಂದು ಹೇಳ್ತೀನಿ, ಕೇಳ್ರಿ.

ರೇಡಿಯೋ ರಿಪೇರಿ ಜಹೀರುದ್ದೀನ್ ಇದ್ನಲ್ಲ, ಅವನ ಅಣ್ಣ ಕುವೈತಿನಿಂದ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದ. ಈಗಿನಂಥಾದ್ದು ಅಲ್ಲ. ಪಾಟಿಗಿಂತ ಒಂಚೂರು ದಪ್ಪನ ಕರೀ ಡಬ್ಬಿ, ಮ್ಯಾಲೆ ರಬ್ಬರಿನ ಗುಂಡಿ. ಟಿವಿಗೆ ವೈರ್ ಸಿಗಿಸಬೇಕು, ಟಿವ್ಯಾಗ ಅಕ್ಷರ ಮೂಡತಾವ. ಗುಂಡಿ ಒತ್ತಿದ್ರ ಡಬ್ಬ್ಯಾಗಿಂದ ಟಿಕ್ ಅಂತದ. ಕರೆಂಟ್ ಹೋತಂದ್ರ ಹೊಡದದ್ದೆಲ್ಲಾ ಮರತುಬಿಡತದ. ಅದಕ್ಕ ಟೇಪ್‌ರೆಕಾರ್ಡರ್‌ಗೆ ಸಿಗಿಸಿ ಕ್ಯಾಸೆಟ್ಟಿಗೆ ತುಂಬಿ ಇಡಬೇಕು, ಮರುದಿನ ಮತ್ತ ಅದರಿಂದ ಡಬ್ಬಿಗೆ ತುಂಬಬೇಕು. ತುಂಬೋವಾಗ ಕೀಽಽಽ... ಆಮ್ಯಾಲ ಕರ್‌ರ್‌ರ್... ಅಂತ ಒದರತದ, ಹಲ್ಲು ಜುಮ್ ಅಂತಾವ. ಜಹೀರುದ್ದೀನಗ ಅದು ಬಗಿಹರೀಲಿಲ್ಲ. ನೀವ ಇಟಗೊಂಡು ಕಲೀರಿ ಸಾರ್ ಅಂತ ಮಾಸ್ತರಿಗೆ ಕೊಟ್ಟ.

ಸುಳ್ಳ್ಯಾಕ ಹೇಳಲಿ, ನನಗ ಹೊಟ್ಟಿ ಉರೀತಿತ್ತು. ನಾನೂ ವೆಂಕಿನೂ ಒಂದೇ ಟೈಪಿಂಗ್ ಕ್ಲಾಸಿಗೆ ಹೋದೋರು. ಪರೀಕ್ಷಾದಾಗ ನನ್ನವು ಆಕೀಗಿಂತ ನಾಕು ಮಾರ್ಕ್ಸ್ ಹೆಚ್ಚು. ಆಕೀಗೆ ಮಾಸ್ತರ ಗಂಡ, ಟಿವಿ, ಕಂಪ್ಯೂಟರು. ನನಗ ನಿಮ್ಮ ದೊಡ್ಡಪ್ಪ. ಇರಲಿ ಬಿಡ್ರಿ.

ಆದ್ರ ವೆಂಕಿ ಹೊಟ್ಟ್ಯಾಗಿನ ಬೆಂಕಿ ಮುಂದ ನನ್ನದು ಬರೇ ಬೀಡಿ ಕಿಡಿ. ಆಕೀ ಎರಡನೇ ಸಂಬಂಧ. ಮಾಸ್ತರ ಮೊದಲನೇ ಹೆಂಡತಿ ಆದೆಮ್ಮ ಅಂತ, ಎಲ್ಲಾರೂ ಆದವ್ವ ಅಂತಿದ್ರು, ಮಸರಕಲ್ಲಿನಾಕಿ, ಜ್ವರ ಬಂದು ತೀರಿಕೊಂಡಿದ್ಲು. ಹಾಡಾಕಿ ಆಕೀ. ಬೀಸೋ ಪದ, ಕುಟ್ಟೋ ಪದ, ಉಡಿ ತುಂಬೋ ಪದ... ಆಕೀ ಹಾಡಿದ್ದನ್ನೆಲ್ಲಾ ಮಾಸ್ತರು ನೋಟ್‌ಬುಕ್ಕಿನ್ಯಾಗ ಬರಕೊಂಡಿದ್ರು. ಇನ್ನೂರಾ ಹನ್ನೆರಡು ಹಾಡು. ಅವನ್ನ ಇಂಗ್ಲಿಷ್ ಅಕ್ಷರದಾಗ ಕಂಪ್ಯೂಟರಿಗೆ ಹಾಕಿ, ಒಂದು ಮಾತು ಕೊಟ್ರ ಅದು ಯಾವ ಯಾವ ಹಾಡಿನ್ಯಾಗ ಅದ ಅಂತ ಹುಡುಕಿ ತೋರಿಸಬೇಕು ಅಂತ ಅವರ ಹುಚ್ಚು. ಪ್ರೋಗ್ರಾಮ್ ಅವರು ಬರದ್ರು. ಹಾಡು ಹೊಡಿಯಾಕ ಯಾರು? ವೆಂಕಿ! ಹಗಲೆಲ್ಲಾ ವೋಲ್ಟೇಜ್ ಇರಂಗಿಲ್ಲ, ಟಿವ್ಯಾಗ ಅಕ್ಷರ ಕುಣೀತಾವ. ಊರು ಮಲಗಿದ ಮ್ಯಾಲೆ ಕುಂತು ದಿನಾ ರಾತ್ರಿ ಸವತಿ ಹಾಡು ಹೊಡೀಬೇಕು. ಗಂಡ ಬಾಜೂಕ ಕುಂತು, ಆದವ್ವ ಇಲ್ಲೆ ದನಿ ಎಳೀತಿದ್ಲು, ಆದವ್ವ ಇಲ್ಲೆ ನಗತಿದ್ಲು ಅಂತ ಹೇಳಬೇಕು. ಸತ್ತ ಎಮ್ಮಿಗೆ ಹತ್ತು ಸೇರು ಹಾಲು. ನೀವಾದ್ರ ತಡಕೋತಿದ್ರೇನು? ನಾನಾಗಿದ್ರ ಡಬ್ಬಿ ಒಯ್ದು ಬಾವಿಗೆ ಒಗೀತಿದ್ದೆ.

ಎಲ್ಲಾ ಹೊಡದ್ಲು. ಒಂದು ಮಾತ್ರ ಬಿಟ್ಲು. ನೂರಾ ನಲವತ್ತನೇದು. ಅದು ಹಾಡಲ್ಲ, ಒಡಪು. ಆದೆಮ್ಮ ಮದುವಿ ದಿನ ಗಂಡನ ಹೆಸರು ಕೂಡಿಸಿ ಹೇಳಿದ್ದು. ಗಂಡನ ಹೆಸರು ಬಾಯಾಗ ಬರೇ ಹೇಳಬಾರದು, ಒಡಪು ಕಟ್ಟಿ ಹೇಳಬೇಕು, ನಿಮಗ ಗೊತ್ತದಲ್ಲ. ಅದು ಹಿಂಗಿತ್ತು:

ಹಾಲತೆನಿ ಜ್ವಾಳಕ್ಕ ಕವಣಿಕಲ್ಲಿನ ಕಾವಲು,
ಮೌನಪ್ಪನ ಹೆಸರಿಗೆ ನನ್ನ ನಾಲಗಿ ಕಾವಲು.

ಇನ್ನೂರಾ ಹನ್ನೆರಡರಾಗ ಮಾಸ್ತರ ಹೆಸರು ಇದ್ದದ್ದು ಅದೊಂದರಾಗ. ರಾಯಚೂರಿಗೆ ಹೋಗೋವಾಗ ಅವರು ಹೇಳಿ ಹೋಗಿದ್ರು, ಬಂದ ಮ್ಯಾಲೆ ಮೊದಲು ನನ್ನ ಹೆಸರೇ ಕೊಟ್ಟು ಹುಡುಕಿ ನೋಡೂಣು ಅಂತ. ವೆಂಕಿಗೆ ತಿಳೀತು. ಗಂಡ ತನ್ನ ಹೆಸರು ಹುಡುಕಿದ್ರ ಸವತಿ ಮಾತು ಬರತದ. ಅದು ಆಗಬಾರದು. ಅದರ ಜಾಗಾದಾಗ ತಾನು ತನ್ನ ಮದುವ್ಯಾಗ ಹೇಳಿದ ಒಡಪು ಹೊಡದ್ಲು. ಬಾಯಿಲೆ ಹೇಳಬಾರದು, ಬೆರಳಿಲೆ ಹೊಡದ್ರ ಏನೂ ಆಗಂಗಿಲ್ಲ ಅಂತ ನನ್ನ ಮುಂದ ನಕ್ಕಿದ್ಲು. ಆ ಒಡಪು ನನಗೂ ಹೇಳಿ ತೋರಿಸಿದ್ಲು, ಎರಡು ಸಲ.

ಮಾಸ್ತರು ಹೋದ ಮರುದಿನ ರಾತ್ರಿ ಆಕೀ ಕ್ಯಾಸೆಟ್ಟಿನಿಂದ ಡಬ್ಬಿಗೆ ತುಂಬಿ ಹುಡುಕಿ ನೋಡಾಕತ್ತಾಳ. ಮಾತು ಕೊಟ್ರ ಮೊದಲನೇ ಹಾಡಿನಿಂದ ಕಡೀದರ ತನಕ ಅಕ್ಷರ ಅಕ್ಷರ ನೋಡಿಕೊಂತ ಹೋಗತದ, ಸಿಕ್ಕಾಗೊಮ್ಮೆ ಪೀಪ್ ಅಂತದ. ಎಲ್ಲಾ ಸಿಕ್ಕವು. ಕಡೀ ಹಾಡು ಸಿಗಲಿಲ್ಲ. ಹೊಡದದ್ದು ಆಕೀಗೆ ಪಕ್ಕಾ ನೆನಪದ. ಹಂಗಾದ್ರ ಏನು ಮಾಡಬೇಕು ಅಂತ ಮಾಸ್ತರು ಹೇಳಿಕೊಟ್ಟಿದ್ರು. ಗಾಬರಿ ಆಗಬ್ಯಾಡ, ಮೊದಲಿಂದ ಪಟ್ಟಿ ತಗಿ, ಪುಸ್ತಕದ ಮ್ಯಾಲೆ ಬೆರಳಿಟ್ಟು ಒಂದೊಂದೇ ತಾಳೆ ನೋಡು, ತಪ್ಪು ತಾನೇ ಕೈಗೆ ಹತ್ತತದ ಅಂತ. ನೋಡಿದ್ಲು. ತಪ್ಪು ಕೈಗೆ ಹತ್ತಿತು.

ಒಂದು ಹೆಚ್ಚಾಗಿತ್ತು. ಪ್ರೋಗ್ರಾಮು ಇನ್ನೂರಾ ಹನ್ನೆರಡು ಓದಿ ನಿಲ್ಲತದ, ಅದಕ್ಕ ಕಡೀದು ಹೊರಗ ಉಳದಿತ್ತು. ಹೆಚ್ಚಿಂದು ಯಾವುದು? ವೆಂಕಿ ಒಡಪಿನ ಮ್ಯಾಲೆ, ಆದೆಮ್ಮನ ಒಡಪು. ಅಕ್ಷರ ಬಿಡದಂಗ.

ಯಾರೂ ಹೊಡದಿರಲಿಲ್ಲ...

ತಾನೇ ನಿದ್ದಿಗಣ್ಣಾಗ ಹೊಡದೆನೇನೋ ಅಂತ ಆಕೀ ಅದನ್ನ ಅಳಿಸಿದ್ಲು. ಬರೇ ಆ ಸಾಲಿನ ನಂಬರು ಹೊಡದು ಎಂಟರ್ ಒತ್ತಿದ್ರ ಸಾಲು ಹೋಗತದ. ಹೋತು. ಕಡೀ ಹಾಡು ಬಂತು. ಮತ್ತ ಕ್ಯಾಸೆಟ್ಟಿಗೆ ತುಂಬಿ ಮಕ್ಕೊಂಡ್ಲು. ಮರುದಿನ ರಾತ್ರಿ ಹಾಕಿದ್ರ... ಕಡೀ ಹಾಡು ಮತ್ತ ಇಲ್ಲ. ಆಕೀ ಒಡಪಿನ ಮ್ಯಾಲೆ ಸವತಿ ಒಡಪು ಕುಂತಾದ. ಹಿರಿಯಾಕಿ ಮ್ಯಾಲೆ, ಕಿರಿಯಾಕಿ ಕೆಳಗ.

ಬ್ಯಾರೇದೋರು ಆಗಿದ್ರ ಅಂಜಿ ಬಿಡತಿದ್ರು. ವೆಂಕಿಗೆ ಅಂಜಿಕಿ ಬರಲಿಲ್ಲ, ಸಿಟ್ಟು ಬಂತು. ಅಳಿಸಿದ್ಲು. ನೋಟ್‌ಬುಕ್ಕಿನ ಆ ಹಾಳಿ ಹರದು ಒಲಿಗೆ ಹಾಕಿದ್ಲು. ಮಾಸ್ತರು ಕೇಳಿದ್ರ ಇಲಿ ತಿಂತು ಅಂದ್ರಾತು ಅಂದ್ಲು. ಮುಂಜಾನೆ ಬಂದು ಇದನ್ನೆಲ್ಲಾ ನನಗ ಹೇಳಿದ್ಲು. ನಾ ಏನಂದೆ? ಚೊಲೋ ಮಾಡಿದಿ ಬಿಡು ಅಂದೆ. ನನ್ನ ನಾಲಗಿಗೆ ಬರೆ ಹಾಕಬೇಕಿತ್ತು.

ಅವತ್ತು ಸಂಜಿಕೇನೇ ತೊಟ್ಟಿಲ ಕಾರ್ಯ. ಹೆಣ್ಮಕ್ಕಳೆಲ್ಲಾ ಒಬ್ಬೊಬ್ಬರಾಗಿ ಒಡಪು ಹಾಕಿ ಗಂಡನ ಹೆಸರು ಹೇಳಾಕತ್ತಿದ್ರು. ವೆಂಕಿ ಸರತಿ ಬಂತು. ಎದ್ದು ನಿಂತ್ಲು, ಬಾಯಿ ತಗದ್ಲು... ಬರಲಿಲ್ಲ. ತನ್ನ ಒಡಪು ತನಗೇ ನೆನಪಿಲ್ಲ. ಎಲ್ಲಾರೂ ನಕ್ರು. ಮುದುಕಿ ಅಯ್ಯಮ್ಮ ಎಲಿ ಅಡಕಿ ಅಗಕೊಂತ, ಆದವ್ವ ಇದ್ದಿದ್ರ ಹತ್ತು ಹೇಳತಿದ್ಲು ತಗೋರಿ ಅಂದುಬಿಟ್ಟಳು. ವೆಂಕಿ ಮುಖ ಕರ್ರಗಾತು. ಹಂಗೇ ನನ್ನ ಕೈ ಹಿಡಕೊಂಡು ಎದ್ದು ಬಂದ್ಲು. ಬಾವಿ ದಾಟಿ ಬಂದಾಗ ನಾವು ಆ ಸಪ್ಪಳ ಕೇಳಿದ್ದು.

ಈಗ ಬಾಗಲದ ಮುಂದ ನಿಂತೀವಿ. ಟಿಕ್. ... ಟಿಕ್ ಟಿಕ್. ಓಣಿಗೇ ಕರೆಂಟಿಲ್ಲ, ಡಬ್ಬಿ ಹೆಂಗ ನಡೀತದ, ನೀವೇ ಹೇಳ್ರಿ. ನಾ ನಮ್ಮ ಮನಿಗೆ ಹೋಗೂಣು ಬಾರಬೇ ಅಂತ ಸೆರಗು ಜಗ್ಗಿದೆ. ಆಕೀ ಕೇಳಲಿಲ್ಲ. ಕೀಲಿ ತಗದ್ಲು. ಕೀಲಿ ಕಟ್ ಅಂದದ್ದೇ ತಡ, ಒಳಗ ಸಪ್ಪಳ ನಿಂತಿತು.

ಕಡ್ಡಿ ಕೊರದೆ. ಮೇಜಿನ ಮ್ಯಾಲೆ ಡಬ್ಬಿ. ಆಕೀ ಮುಚ್ಚಿ ಹೋಗಿದ್ದ ಅರಿವಿ ನೀಟಾಗಿ ನಾಕು ಮಡಿಕಿ ಮಾಡಿ ಬಾಜೂಕ ಇಟ್ಟಿತ್ತು. ಪಿನ್ನು ಗ್ವಾಡಿಯಿಂದ ಕಿತ್ತಿತ್ತು. ಡಬ್ಬಿ ಮ್ಯಾಲೆ ಕೈ ಇಟ್ಟೆ... ಬೆಚ್ಚಗಿತ್ತು. ಕಡ್ಡಿ ಬೆರಳಿಗೆ ಹತ್ತಿ ಆರಿತು.

ಕತ್ತಲಾಗ ವೆಂಕಿ ಪಿಸುಗುಟ್ಟಿದ್ಲು. ನನಗಲ್ಲ.

"ಆದವ್ವಾ... ನೀ ಸತ್ತು ಐದು ವರ್ಷಾತು. ಅವರೀಗ ನನ್ನ ಗಂಡ."

ಏನೂ ಇಲ್ಲ. ಬಾವಿ ಗಡಗಡಿ ಸುದ್ದಾ ನಿಂತಿತ್ತು.

ಆಮ್ಯಾಲ ಒಂದೇ ಒಂದು. ಟಿಕ್.

ನಾ ಒದರೂದರಾಗ ಕರೆಂಟ್ ಬಂತು. ನಾ ಅಲ್ಲೇ ಕುಂತೆ. ವೆಂಕಿ ಪಿನ್ನು ಸಿಗಿಸಿದ್ಲು, ಕ್ಯಾಸೆಟ್ ಹಾಕಿದ್ಲು. ಕೀಽಽಽ... ಕರ್‌ರ್‌ರ್... ಮುಗಿಯೋತನಕ ಹಲ್ಲು ಕಚ್ಚಿ ಕುಂತಿದ್ಲು. ಗಂಡನ ಹೆಸರು ಹೊಡದ್ಲು. ಮೂರು ಮಿನಿಟು ಹುಡುಕಿತು ಅದು. ನನಗ ಮೂರು ತಾಸಾದಂಗಾತು.

ಪೀಪ್.

ಒಂದೇ ಸಲ. ನೂರಾ ನಲವತ್ತನೇದು. ಹಾಲತೆನಿ ಜ್ವಾಳಕ್ಕ... ಕಡೀ ಹಾಡು ಹುಡುಕಿದ್ಲು, ಅದೂ ಬಂತು. ಲೆಕ್ಕ ಸರಿ ಆಗಿತ್ತು, ಇನ್ನೂರಾ ಹನ್ನೆರಡು. ಪ್ರೋಗ್ರಾಮಿನ್ಯಾಗ ಈಗ ಯಾವ ತಪ್ಪೂ ಇರಲಿಲ್ಲ. ವೆಂಕಿ ಒಡಪು ಇರಲಿಲ್ಲ.

ಮತ್ತ ಹೊಡಿಯಾಕ ಗುಂಡಿ ಮ್ಯಾಲೆ ಕೈ ಇಟ್ಲು. ಮೊದಲನೇ ಮಾತೇ ಬರಲಿಲ್ಲ ಆಕೀಗೆ. ನನ್ನ ಕಡಿ ತಿರುಗಿದ್ಲು. "ಅಕ್ಕಾ, ನಿನಗ ಹೇಳಿದ್ನಲ್ಲ. ಹೆಂಗಿತ್ತು?"

ಎರಡು ಸಲ ಕೇಳಿದ್ದೆ ನಾ. ನಿಮ್ಮಾಣೆ, ಇವತ್ತಿಗೂ ಒಂದಕ್ಷರ ನೆನಪಿಲ್ಲ. ಆಕೀ ಟಿವಿ ಬಂದ್ ಮಾಡಿ ಗ್ವಾಡಿ ಕಡಿ ಮುಖ ಮಾಡಿ ಅತ್ತಳು. ಆವತ್ತು ನನಗ ಆಕೀ ಮ್ಯಾಲಿನ ಹೊಟ್ಟಿಕಿಚ್ಚೆಲ್ಲಾ ಆರಿಹೋತು.

ವಾರದ ಮ್ಯಾಲೆ ಮಾಸ್ತರು ಬಂದ್ರು. ಕೈಕಾಲು ತೊಳಕೊಂಡು ಚಾ ಸುದ್ದಾ ಕುಡೀಲಿಲ್ಲ, ಮೊದಲು ಡಬ್ಬಿ ಮುಂದ ಕುಂತ್ರು. ಸಕ್ಕರಿ ಕೇಳೋ ನೆವಾ ಮಾಡಿ ನಾನೂ ಹೋಗಿದ್ದೆ. ಅವರು ಹೆಸರು ಹೊಡದ್ರು. ಪೀಪ್ ಅಂತು. ಓದಿದ್ರು. ಚಷ್ಮಾ ತಗದು ಅಂಗಿ ತುದಿಲೆ ಒರಸಿಕೊಂಡ್ರು.

"ಇದೊಂದು ನೀ ಬಿಟ್ಟಿರ್ತೀ ಅಂತ ಮಾಡಿದ್ದೆ ವೆಂಕಮ್ಮ," ಅಂದ್ರು. "ನಿನ್ನ ಮನಸು ಇಷ್ಟು ದೊಡ್ಡದದ ಅಂತ ನನಗ ತಿಳಿದಿರಲಿಲ್ಲ."

ನಾ ಎದುರಿಗೇ ಇದ್ದೀನಿ. ಆದ್ರೂ ಆಕೀ ಕೈ ಹಿಡಕೊಂಡ್ರು. ಮದುವ್ಯಾಗಿ ಮೂರು ವರ್ಷದಾಗ ಅವರು ಆಕೀನ್ನ ಹಂಗ ನೋಡಿದ್ದು ನಾ ಕಂಡಿದ್ದಿಲ್ಲ. ವೆಂಕಿ ತುಟಿ ಅಲುಗಿದ್ವು. ನಾ ಹೊಡದಿಲ್ಲ ಅಂತ ಹೇಳಬೇಕಿತ್ತು. ಆ ಕೈ ಬಿಡಿಸಿಕೊಂಡು ಯಾವಾಕಿ ಹೇಳತಾಳ? ಹೇಳಲಿಲ್ಲ. ಆವತ್ತಿನಿಂದ ಮಾಸ್ತರು ಆಕೀನ್ನ ಅಂಗೈಯಾಗ ಇಟಗೊಂಡು ನೋಡಿಕೊಂಡ್ರು, ಸುಳ್ಳಲ್ಲ. ಆದ್ರ ಅವರು ಪ್ರೀತಿಲೆ ಒಂದು ಮಾತಾಡಿದ್ರೂ ವೆಂಕಿಗೆ ಉರಿ. ಇದು ನನಗ ಬಂದದ್ದಲ್ಲ ಅಕ್ಕಾ, ಆಕೀಗೆ ಬಂದದ್ದು ಅಂತ ನನ್ನ ಮುಂದ ಎಷ್ಟು ಸಲ ಅಂದಾಳೋ.

ಅವತ್ತು ಮಾಸ್ತರು ಟೇಪಿನಿಂದ ಕ್ಯಾಸೆಟ್ ತಗದು ಹಿಂದ ಮುಂದ ತಿರುವಿ ನೋಡಿದ್ರು. ಮುಗಳುನಗಿ ನಕ್ರು.

"ಕಿವಿನೂ ಮುರದಿಟ್ಟೀಯಲ್ಲ. ಇದು ಯಾರು ಹೇಳಿಕೊಟ್ರು ನಿನಗ?"

ಕ್ಯಾಸೆಟ್ಟಿನ ಬೆನ್ನಿಗೆ ಆಕಡೊಂದು ಈಕಡೊಂದು ಸಣ್ಣ ಪ್ಲಾಸ್ಟಿಕ್ ಕಿವಿ ಇರತಾವಂತ. ಮುರದ್ರ ಅದರ ಮ್ಯಾಲೆ ಮತ್ತೇನೂ ತುಂಬಾಕ ಬರಂಗಿಲ್ಲ, ಇದ್ದದ್ದನ್ನ ಅಳಿಸಾಕೂ ಬರಂಗಿಲ್ಲ. ನನಗೂ ಗೊತ್ತಿರಲಿಲ್ಲ, ಆಕೀಗೂ ಗೊತ್ತಿರಲಿಲ್ಲ. ಗೊತ್ತಿದ್ರ ಆಕೀ ಯಾಕ ಮುರೀತಾಳ? ತೊಟ್ಟಿಲ ಕಾರ್ಯದ ಹಿಂದಿನ ರಾತ್ರಿತನಕ ಅದರ ಮ್ಯಾಲೇ ಅಳಿಸಿ ಅಳಿಸಿ ತುಂಬಾಕತ್ತಿದ್ಲು.

ಬೇಕಾದ್ರ ನಾಳೆ ಹೋಗಿ ಕೇಳ್ರಿ, ವೆಂಕಿ ಗಟ್ಟಿಮುಟ್ಟಾಗಿ ಅದಾಳ. ಕ್ಯಾಸೆಟ್ಟು ಟ್ರಂಕಿನ್ಯಾಗ ಅದ, ನಾ ಕೈಯಾಗ ಹಿಡದು ನೋಡೀನಿ. ಎರಡೂ ಕಿವಿ ಇಲ್ಲ. ಮುರದ ಚೂರು ಸಿಗತಾವೇನಂತ ನಾವಿಬ್ಬರೂ ಮೇಜಿನ ಬುಡಕ, ಹಾಸಿಗಿ ಬುಡಕ, ಎಲ್ಲಾ ಕಡೆ ಕಸ ಹೊಡದು ನೋಡಿದ್ವಿ. ಸಿಗಲಿಲ್ಲ.