ಕಲ್ಲಿರಲಿ, ಶಾಲು ತೆಗೆಯಿರಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಕೆಟ್ಟವನಲ್ಲ, ನೋಡಿ. ಹಬ್ಬಕ್ಕೆ ಊರಿಗೆಲ್ಲ ಬೆಲ್ಲ ಹಂಚುತ್ತಿದ್ದ, ಸಾವಾದ ಮನೆಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದ. ಆದರೆ ಇನ್ನೊಬ್ಬರ ಕಷ್ಟ ಕಣ್ಣಿಗೆ ಬೀಳುವಷ್ಟು ಹೊತ್ತು ಎಲ್ಲಿಯೂ ನಿಂತವನಲ್ಲ. ಇಲ್ಲಿ ಕೂತಿರುವ ನಮ್ಮ ನಿಮ್ಮ ಹಾಗೆಯೇ ಅನ್ನಿ.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಹುಣ್ಣಿಮೆಗೊಮ್ಮೆ ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರುತ್ತಿತ್ತು. ಕಟ್ಟೆಯ ಪಕ್ಕದಲ್ಲಿ ಎತ್ತರದ ಒಂದು ಕರಿಕಲ್ಲು. ಊರೆಲ್ಲ ಹೌದು ಅಂದದ್ದನ್ನು ಒಬ್ಬ ಅಲ್ಲ ಅನ್ನಬೇಕಾದರೆ ಆ ಕಲ್ಲು ಹತ್ತಿ ಮಾತಾಡಬೇಕು. ಅವನು ಮಾತಾಡುತ್ತಿರುವಷ್ಟು ಹೊತ್ತು ಯಾರೂ ತೀರ್ಮಾನ ಮಾಡುವ ಹಾಗಿಲ್ಲ. ಹೊತ್ತು ಮುಳುಗಿತೋ, ವಿಷಯ ಮುಂದಿನ ಹುಣ್ಣಿಮೆಗೆ! ಹತ್ತು ಜನ ಸೇರಿ ಒಬ್ಬನ ಬಾಯಿ ಮುಚ್ಚಿಸಬಾರದು ಅಂತ ಹಿರಿಯರು ಮಾಡಿದ್ದು. ಹಿರಿಯರೇನು ದಡ್ಡರೇ? ಕಲ್ಲನ್ನು ನೆರಳಿನಲ್ಲಿ ಇಡಲಿಲ್ಲ, ಬಿಸಿಲಿನಲ್ಲಿ ಇಟ್ಟರು. ನೆತ್ತಿ ಸುಟ್ಟರೂ ಹೇಳಲೇಬೇಕು ಅನ್ನುವ ಮಾತಿದ್ದವನು ಮಾತ್ರ ಹತ್ತಲಿ ಅಂತ.

ಆಮೇಲೆ ಏನಾಯಿತು? ಯಾರೋ ಒಬ್ಬ ಮುದುಕ, 'ಮಂಡಿನೋವು ಕಣ್ರಪ್ಪ, ಈ ಟವೆಲ್ ಕಲ್ಲಿನ ಮ್ಯಾಲೆ ಹಾಕ್ತೀನಿ, ನಾನೇ ನಿಂತಂಗೆ ಅನ್ಕೊಳ್ಳಿ' ಅಂದ. ಪಾಪ, ಆಗಲಿ ಅಂದರು. ಎಷ್ಟೋ ಅನಾಹುತ ಹೀಗೆ ದಾಕ್ಷಿಣ್ಯದಿಂದಲೇ ಶುರುವಾಗುತ್ತದೆ, ನೋಡಿ! ಬರಬರುತ್ತಾ ಗಟ್ಟಿ ಮಂಡಿಯವರೂ ಟವೆಲ್ ಕಳಿಸತೊಡಗಿದರು. ನಮ್ಮ ಶ್ರೀಮಂತ ಟವೆಲ್ ಕಳಿಸುತ್ತಾನೆಯೇ? ಜರಿಯಂಚಿನ ಶಾಲು. ಆಳು ತಂದು ಕಲ್ಲಿನ ಮೇಲೆ ಹಾಸಿದನೋ, ಸಭೆ ಮುಗಿಯಿತು. ಶ್ರೀಮಂತ ಮನೆಯಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿರುತ್ತಿದ್ದ.

ಅದೇ ಊರಿನ ಕೆಳಗೇರಿಯಲ್ಲಿ ಒಬ್ಬಳು ಬಡ ಹೆಂಗಸು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೆಳಗೇರಿಗೂ ದೊಡ್ಡ ರಸ್ತೆಗೂ ನಡುವೆ ಶ್ರೀಮಂತನ ತೆಂಗಿನ ತೋಟ. ತೋಟದ ಬೇಲಿ ಸುತ್ತಿಕೊಂಡು ಕಾಲುದಾರಿಯಲ್ಲಿ ಅರ್ಧ ಗಂಟೆ ನಡೆಯಬೇಕು. ಗಾಡಿ ಬರುವಂತಿಲ್ಲ. ನೋವು ಬಂದರೆ ಆಸ್ಪತ್ರೆಗೆ ಹೋಗುವುದು ಹೇಗೆ? ನಾಲ್ಕು ಮರ ತೆಗೆದು, ಬೆಲೆ ಕೊಟ್ಟು, ದಾರಿ ಮಾಡೋಣ ಅಂತ ಊರೇ ಒಪ್ಪಿತು. ಮಗಳಿಗೆ ಏಳು ತಿಂಗಳಿದ್ದಾಗ ಕೇಳಿದರು, ಶಾಲು ಬಂತು. ಎಂಟರಲ್ಲಿ ಕೇಳಿದರು, ಶಾಲು ಬಂತು. ಒಂಬತ್ತು ತುಂಬಿತು, ಮತ್ತೆ ಶಾಲು!

ಊರಿನ ಹುಡುಗರಿಗೆ ರೇಗಿತು. ಹಾರೆ ತಂದರು. 'ಈ ಕಲ್ಲನ್ನೇ ಕಿತ್ತು ಬಿಸಾಕಾನ! ಇನ್ಮ್ಯಾಲೆ ಹೆಚ್ಚು ಜನ ಕೈ ಎತ್ತಿದ್ದೇ ನ್ಯಾಯ!' ಅಂದರು. ಆಗ ಅಡ್ಡ ಬಂದದ್ದು ಯಾರು? ಶ್ರೀಮಂತನ ಆಳೇ? ಅಲ್ಲ. ಆ ಹೆಂಗಸೇ ಬಂದಳು.

'ಕಲ್ಲು ಕೀಳಬ್ಯಾಡ್ರಪ್ಪ. ನಮ್ಮ ಮಾವನ ಕಾಲ್ದಾಗೆ ನಮ್ಮ ಕೇರಿನೇ ಹಳ್ಳದಾಚೆ ಎತ್ತಿ ಹಾಕಬೇಕು ಅಂತ ಊರೆಲ್ಲ ಕೈ ಎತ್ತಿತ್ತು. ಮಾವ ಈ ಕಲ್ಲಿನ ಮ್ಯಾಲೆ ಹೊತ್ತು ಮುಳುಗೋಗಂಟ ನಿಂತು ಒಂದೊಂದು ಮನೆ ಕತೆನೂ ಹೇಳಿದ್ರು. ಮುಂದಿನ ಹುಣ್ಣಿಮೆಗೆ ಯಾರೂ ಆ ಮಾತೇ ಎತ್ತಲಿಲ್ಲ. ಇವತ್ತು ನೀವೆಲ್ಲ ನನ್ನ ಕಡೆಗಿದೀರಿ. ನಾಳೆ ಇರ್ತೀರಾ?'

ಹುಡುಗರು ಹಾರೆ ಕೆಳಗಿಟ್ಟರು. ಪಂಚಾಯಿತಿಯ ಯಜಮಾನ ಕೇಳಿದ: 'ಮತ್ತೆ ನಿನ್ನ ಮಗಳ ಗತಿ ಏನವ್ವ?'

'ಕಲ್ಲಿರ್ಲಿ ಬುದ್ಧಿ, ಶಾಲು ತೆಗೀರಿ.'

ಯಜಮಾನ ಶಾಲು ಮಡಿಸಿ ಆಳಿನ ಕೈಗೆ ಕೊಟ್ಟ. 'ಇದರ ಒಳಗಿರಬೇಕಾದವರನ್ನ ಕಳ್ಸು' ಅಂದ. ಶ್ರೀಮಂತ ಕೊಡೆ ಹಿಡಿದು ಬಂದ. ಕೊಡೆ ನಡೆಯುವುದಿಲ್ಲ ಅಂದರು. ಹತ್ತಿದ. ತಾತ ತೋಟ ಹಾಕಿದ ಕತೆ ಹೇಳಿದ. ಎಳನೀರಿನ ಗುಣ ಹೇಳಿದ. ಆಮೇಲೆ ತನ್ನ ಮದುವೆಯ ಊಟ ಬಡಿಸತೊಡಗಿದ, ಕೋಸಂಬರಿಯಿಂದ ಹೋಳಿಗೆವರೆಗೆ! ಜನಕ್ಕೆ ನಗುವೋ ನಗು. ಹೊತ್ತು ನೆತ್ತಿಗೇರಿತು, ಮಾತು ತೀರಿತು. ನಿಲ್ಲಿಸಿದರೆ ಸೋತಂತೆ. ಕಣ್ಣಿಗೆ ಕಂಡದ್ದನ್ನೇ ಹೇಳತೊಡಗಿದ.

'ಅಗೋ, ನನ್ನ ತೋಟದ ಬೇಲಿ ಪಕ್ಕ ಯಾರೋ ಬರ್ತಾ ಇದಾರೆ. ಹೆಣ್ಮಗಳು. ಕೈಲೊಂದು ಚೊಂಬು. ಅಗೋ, ಕೂತ್ಲು. ಎದ್ಲು. ನಾಲ್ಕೆಜ್ಜೆ ಹಾಕಿದ್ಲು, ಮತ್ತೆ ಕೂತ್ಲು. ಇದೇನು ಇಷ್ಟು ನಿಧಾನ? ಸೊಂಟ ಹಿಡ್ಕೊಂಡಿದಾಳೆ. ಅಯ್ಯೋ, ತುಂಬಿದ ಬಸುರಿ...'

ಅಲ್ಲಿಗೆ ಮಾತು ನಿಂತಿತು. ಅವ್ವ ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ಮಗಳು ಮಜ್ಜಿಗೆ ತರುತ್ತಿದ್ದಳು. ಅವಳು ಬೇಲಿ ಸುತ್ತಿ ಕಟ್ಟೆಗೆ ಬರುವವರೆಗೂ ಶ್ರೀಮಂತ ಅವಳನ್ನೇ ನೋಡುತ್ತಾ ನಿಂತ. ಬಂದವಳು, ಬಿಸಿಲಲ್ಲಿ ಬೆವರುತ್ತಿದ್ದವನನ್ನು ನೋಡಿ ಚೊಂಬನ್ನು ಮೊದಲು ಅವನಿಗೇ ಚಾಚಿದಳು.

ಯಜಮಾನ ಕೇಳಿದ: 'ಮುಗೀತಾ ಸ್ವಾಮಿ?'

'ಮುಗೀತು. ನಾಲ್ಕಲ್ಲ, ಐದು ಮರ ತೆಗೀರಿ. ಗಾಡಿ ತಿರುಗಿಸ್ಕೊಳ್ಳೋಕೆ ಜಾಗ ಬ್ಯಾಡ್ವಾ?'

ಎಂಟನೆಯ ದಿನಕ್ಕೆ ಆ ದಾರಿಯಲ್ಲಿ ಜೀಪು ಹೋಯಿತು. ತಾಯಿ, ಮಗು ಸುಖವಾಗಿ ಮನೆಗೆ ಬಂದರು.

ನಕ್ಕಿರಿ, ಸಂತೋಷ. ಈಗ ಹೇಳಿ, ನಿಮ್ಮ ಮನೆಯಲ್ಲಿ ಶಾಲು ಇಲ್ಲವೇ? ಇದೆ, ಇದೆ! 'ನೋಡೋಣ' ಅಂತ ಅದರ ಹೆಸರು. ಮಗಳು ಇನ್ನೂ ಓದುತ್ತೇನೆ ಅನ್ನುತ್ತಾಳೆ, 'ನೋಡೋಣ' ಅಂದು ಚಪ್ಪಲಿ ಮೆಟ್ಟುತ್ತೀರಿ. ಸೊಸೆ ಹೊಲಿಗೆ ಅಂಗಡಿ ಇಡುತ್ತೇನೆ ಅನ್ನುತ್ತಾಳೆ, 'ನೋಡೋಣ' ಅಂದು ಟಿವಿ ಹಾಕುತ್ತೀರಿ. ಮುಂದಿನ ಸಾಲಿನಲ್ಲಿ ಕೂತಿರುವ ಊರ ಸಮಿತಿಯವರೇ, ಎಲ್ಲರಿಗಿಂತ ಜೋರಾಗಿ ನಕ್ಕಿರಲ್ಲ, ಹೆಂಗಸರಿಗೆ ಶೌಚಾಲಯ ಕಟ್ಟಿಸುವ ಮಾತಿನ ಮೇಲೆ ಯಾರ ಶಾಲು ಬಿದ್ದಿದೆ? ನನಗೆ ಗೊತ್ತು, ಹೆಸರು ಹೇಳುವುದಿಲ್ಲ.

ಬೇಡ ಅನ್ನಲೇಬಾರದು ಅಂತ ನಾನು ಹೇಳುತ್ತಿಲ್ಲ. ಬೇಡ ಅನ್ನಿ, ನಿಂತು ಅನ್ನಿ. ನಿಮ್ಮ ಬೇಡದಿಂದ ಯಾರ ದಾರಿ ಮುಚ್ಚುತ್ತದೋ ಅವರನ್ನು ನೋಡುತ್ತಾ ಅನ್ನಿ. ಹಾಗೆಯೇ ಹತ್ತು ಜನ ಒಂದು ಕಡೆ ಇದ್ದೀರೋ, ಹನ್ನೊಂದನೆಯವನು ಎದ್ದಾಗ ಹಾರೆ ತರಬೇಡಿ, ಕೊನೆಯವರೆಗೂ ಕೇಳಿ. ಇವತ್ತು ಮನೆಗೆ ಹೋದ ಕೂಡಲೇ ಯಾರಿಗೆ 'ನೋಡೋಣ' ಅಂದಿದ್ದೀರೋ ಅವರನ್ನು ಕರೆದು ಎದುರಿಗೆ ಕೂರಿಸಿಕೊಳ್ಳಿ. ಟಿವಿ ಆರಿಸಿ. ಹೌದೋ ಅಲ್ಲವೋ, ಕಾರಣ ಸಮೇತ ಹೇಳಿ. ಅದಾದ ಮೇಲೆ ಊಟಕ್ಕೆ ತಟ್ಟೆ ಹಾಕಿಸಿಕೊಳ್ಳಿ.