ಭಾನುವಾರದ ಬ್ರೇಕು

…ಬಾಗ್ಲು ತೆಗೀಬೇಡ ಕಣೆ, ಕೂತ್ಕೋ. ಈಗ ಇಳಿಯೋಕೆ ಹೊರಟ್ರೆ ಹೆಂಗೆ? ಇದೇನು ಸಕಲೇಶಪುರದ ರೋಡಾ? ನಮ್ಮದೇ ಕಾಫಿ ಒಣಗಿಸೋ ಕಣ ರಶ್ಮಿ. ಎದುರಿಗೆ ಲಾರಿ ಬರಲ್ಲ, ಪಕ್ಕದಲ್ಲಿ ಚರಂಡಿ ಇಲ್ಲ. ಆಳುಗಳ ಲೈನ್ ಮನೆ ಕೆಂಚಮ್ಮನ ಕೋಳಿ ಒಂದು ಅಡ್ಡ ಬರಬೌದು, ಅದು ಸತ್ರೆ ಅವಳಿಗೆ ನಾನು ಸಮಾಧಾನ ಹೇಳ್ತೀನಿ. ಒಸಿ ನಗು ಮಾರಾಯ್ತಿ. ಮದ್ವೆ ದಿನ ಧಾರೆ ಹೊತ್ನಲ್ಲಿ ಹೋಮದ ಹೊಗೆಗೆ ಕಣ್ಣುರಿದು ಅಳ್ತಿದ್ದಾಗ್ಲೂ ಇದಕ್ಕಿಂತ ಚೆನ್ನಾಗಿ ಕಾಣ್ತಿದ್ದೆ.

ಆಯ್ತು, ನಗಬೇಡ. ಮಾತೂ ಆಡ್ಬೇಡ. ಆಸ್ಪತ್ರೆಯಿಂದ ಬಂದಾಗಿಂದ ನೀನು ನನ್ನ ಹತ್ರ ಆಡಿರೋದು ಊಟಕ್ಕೆ ಬಾ, ಗ್ಯಾಸ್ ಖಾಲಿ ಆಗೈತೆ, ಅಷ್ಟೇ. ನಾನೇ ಮಾತಾಡ್ತೀನಿ. ನೀನು ಬರೀ ಓಡ್ಸು. ನೋಡು, ನಿನಗೋಸ್ಕರ ಬೆಳಿಗ್ಗೇನೇ ಕಣಕ್ಕೆಲ್ಲ ನೀರು ಹೊಡೆಸಿದ್ದೀನಿ, ಮೇಲೆ ಮರಳು ಚೆಲ್ಲಿಸಿದ್ದೀನಿ. ಯಾಕೆ ಗೊತ್ತಾ? ಜಾರಬೇಕು ಅಂತ. ಜಾರೋ ಜಾಗದಲ್ಲೇ ಬ್ರೇಕ್ ಒತ್ತಿ ನಿಲ್ಲಿಸಿದ್ರೆ ಭಯ ಹೋಗುತ್ತೆ. ನಾವು ರೇಸಿನೋರು ಹೊಸಬರಿಗೆ ಇದನ್ನೇ ಮೊದಲು ಹೇಳ್ಕೊಡೋದು.

ನಾನು ಒಂದಿನ ಆದ್ರೂ ನಿನ್ನ ಬೈದಿದ್ದೀನಾ? ಅದನ್ನಾದ್ರೂ ಹೇಳು. ಅವ್ವನ ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು, ಈಗ ಆಲೂರಲ್ಲಿ ನನ್ನ ತಂಗಿ ಮಧುಶ್ರೀ ಮನೇಲಿ ವಾಕರ್ ಹಿಡ್ಕೊಂಡು ನಡೀತಾವ್ಳೆ. ಮಧು ಬಾಯಿಗೆ ಬಂದಂಗೆ ಮಾತಾಡ್ಬುಟ್ಲು, ಅತ್ತಿಗೆಗೆ ಕಣ್ಣು ನೆತ್ತಿಗೇರಿತ್ತು ಅಂತ. ಅವ್ವನೂ ಅಂದ್ಬುಟ್ಲು, ಅವಳು ಇನ್ನೊಂದ್ಸಲ ಕಾರು ಮುಟ್ಟಿದ್ರೆ ನಾನು ಹಾನುಬಾಳಿನ ಮನೆ ಹೊಸ್ತಿಲು ತುಳಿಯಲ್ಲ ಅಂತ. ಆಗ ನಿನ್ನ ಪರ ನಿಂತಿದ್ದು ಯಾರು? ಮಳೇಲಿ ಯಾರ ಕೈಲಾದ್ರೂ ತಪ್ಪಾಗುತ್ತೆ ಬುಡವ್ವ, ಅವಳೇನು ಬೇಕು ಅಂತ ಮಾಡಿದ್ಲಾ ಅಂದೆ. ಎಲ್ಲರೆದುರಿಗೂ ಅಂದೆ. ನೀನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ.

ಕಾಫಿ ಹೂ ಅರಳಿಸೋ ಹೂಮಳೆ ಬಿದ್ದ ಮಾರನೇ ದಿನ ರೋಡು ಎಣ್ಣೆ ಸುರ್ದಂಗಿರುತ್ತೆ. ಅವತ್ತು ನೀನು ಅವ್ವನ್ನ ಕಣ್ಣಿನ ಡಾಕ್ಟರ ಹತ್ರ ಬಿಟ್ಟು ಕೆಲಸಕ್ಕೆ ಹೋಗ್ತೀನಿ ಅಂತ ಹೊರಟಿದ್ದೆ. ತಿರುವಲ್ಲಿ ಗೂಡ್ಸ್ ಆಟೋ ಅಡ್ಡ ಬಂತು, ಬ್ರೇಕ್ ತುಳಿದೆ, ಕಾರು ಜಾರಿ ರೋಡಿನ ಪಕ್ಕದ ಮಣ್ಣಿನ ದರೆಗೆ ಗುದ್ದಿತು. ಸ್ಟೇರಿಂಗ್ ತಿರುಗಿಸಿದೆ, ಕಾರು ಮಾತ್ರ ನೆಟ್ಟಗೆ ಹೋಯ್ತು ಅಂತ ನೀನು ಎಲ್ಲರ ಹತ್ರನೂ ಹೇಳ್ತಾನೇ ಇದ್ದೆ, ಪಾಪ. ನರ್ಸಿನ ಹತ್ರನೂ ಹೇಳ್ದೆ. ಗಾಬರೀಲಿ ಹಂಗನ್ಸುತ್ತೆ ಕಣೆ. ನಾವು ತಿರುಗಿಸಿರಲ್ಲ, ತಿರುಗಿಸಿದೆ ಅನ್ಸುತ್ತೆ. ಅದನ್ನ ತಲೆಯಿಂದ ತೆಗಿ. ಎಲ್ಲಾನೂ ಮರ್ತು ನಾಳೆಯಿಂದ ಕೆಲಸಕ್ಕೆ ಹೋಗು. ಕ್ಯೂರಿಂಗ್ ಫ್ಯಾಕ್ಟರಿ ಲ್ಯಾಬಲ್ಲಿ ಕಾಫಿ ರುಚಿ ನೋಡೋಕೆ ನಿನ್ನಂಥೋರು ಸಿಗಲ್ಲ ಅಂತ ನಿನ್ನ ಮ್ಯಾನೇಜರೇ ನಂಗೆ ಫೋನ್ ಮಾಡಿದ್ರು. ರಾಜೀನಾಮೆ ಕೊಡ್ತೀಯಂತೆ? ನಂಗೆ ಒಂದು ಮಾತು ಹೇಳಿಲ್ಲ.

ಹಾಂ. ಹಂಗೆ. ಕ್ಲಚ್ ತುಳಿ, ಸ್ಟಾರ್ಟ್ ಮಾಡು.

ಅಯ್ಯೋ, ಬೆಚ್ಚಿಬೀಳ್ತೀಯ ಯಾಕೆ, ಇದು ಯಾವಾಗ್ಲೂ ಹಿಂಗೇ ಗುರ್ ಅನ್ನುತ್ತಲ್ಲ. ಸೈಲೆನ್ಸರ್ ಬದಲಾಯಿಸಿದಾಗಿಂದ ನೀನು ಬೈತಾನೇ ಇದ್ದೀಯ, ಲೈನಿನ ಮಕ್ಕಳೆಲ್ಲ ಎದ್ಬುಡ್ತಾವೆ ಅಂತ. ಅದೇ ನನಗೆ ಹಾಡು ಇದ್ದಂಗೆ. ತಗೊಂಡಾಗ ಈ ಕಾರು ಹೆಂಗಿತ್ತು ನೆನಪೈತಾ? ಟರ್ಬೊ ಅಂತ ಹೆಸರಿಗೆ ಇತ್ತು, ಘಾಟಿ ಹತ್ತಿಸಿದ್ರೆ ಉಬ್ಬಸ ಬಂದ ಮುದುಕನಂಗೆ ಏದುಸಿರು ಬಿಡೋದು. ಆಲೂರಿನ ಜಯಕುಮಾರನ ಗ್ಯಾರೇಜಲ್ಲಿ ಅವನೂ ನಾನೂ ಸೇರಿ ಕಂಪ್ಯೂಟರ್ ಹಾಕಿ ಟರ್ಬೊ ಒತ್ತಡ ಏರಿಸ್ದೆವು, ಸ್ಪ್ರಿಂಗ್ ಬದಲಾಯಿಸ್ದೆವು, ಹೊಟ್ಟೆ ಕೆಳಗೆ ತಗಡು ಹಾಕಿದೆವು. ಈಗ ನೋಡು. ವಾರವೆಲ್ಲ ನಿನ್ನ ಕಾರು, ಭಾನುವಾರ ನನ್ನ ಕಾರು. ಅದು ನಮ್ಮಿಬ್ಬರ ಒಪ್ಪಂದ ಅಲ್ವಾ? ನೀನು ಮನಸ್ಸಿಲ್ಲದೇನೇ ಒಪ್ಕೊಂಡಿದ್ದೆ, ಅದೂ ಗೊತ್ತು. ಮನೇರು ಕೂರೋ ಕಾರಿಗೆ ರೇಸಿನ ಹುಚ್ಚು ಹತ್ತಿಸ್ಬೇಡ ಅಂದಿದ್ದೆ.

ಹೋಗ್ಲಿ ಬುಡು. ಗೇರ್ ಹಾಕು. ನಿಧಾನಕ್ಕೆ ಬುಡು ಕ್ಲಚ್ಚು… ಆಹಾ. ಕೈ ಮರ್ತಿಲ್ಲ ನೋಡು ನೀನು. ಸ್ಟೋರಿನ ಗೋಡೆ ಕಡೆ ತಗೋ. ಸೆಕೆಂಡಿಗೆ ಹಾಕು. ಇನ್ನೊಂಚೂರು ವೇಗ. ಹೆದರಬೇಡ, ನಾನಿದ್ದೀನಿ. ಈಗ ಮರಳಿನ ಮೇಲೆ ಬಂದೆ, ಈಗ… ತುಳಿ. ಬ್ರೇಕ್ ತುಳಿ, ಪೂರ್ತಿ ತುಳಿ!

ನಿಂತ್ಕೊಂತು. ನೋಡಿದ್ಯಾ? ಜಾರಿದ್ರೂ ನೀನು ಹೇಳಿದ ಕಡೆ ತಿರುಗಿ ನಿಂತ್ಕೊಂತು. ಮುಗೀತಲ್ಲ ಭಯ?

ಯಾಕೆ ಕಾಲು ಕಡೆ ನೋಡ್ಕೋತಿದ್ದೀಯ? ಪೆಡಲ್ ನಡುಗಿತಾ? ಕಾಲ್ ಕೆಳಗೆ ಕಟಕಟ ಅಂತಾ? ಅದು ಹಂಗೇ ಕಣೆ. ಎಬಿಎಸ್ಸು. ಎಷ್ಟು ಜೋರಾಗಿ ತುಳಿದ್ರೂ ಚಕ್ರ ಕಚ್ಕೊಳ್ಳೋಕೆ ಬಿಡಲ್ಲ, ಹಿಡ್ದು ಬಿಟ್ಟು, ಹಿಡ್ದು ಬಿಟ್ಟು ನಿಲ್ಲಿಸುತ್ತೆ. ಅದಕ್ಕೇ ಸ್ಟೇರಿಂಗ್ ತಿರುಗಿಸಿದ್ರೆ ಕಾರೂ ತಿರುಗುತ್ತೆ. ಎಲ್ಲಾ ಕಾರಲ್ಲೂ ಇರೋದೇ. ಇದರಲ್ಲೂ ಮೊದಲಿಂದ ಐತೆ.

ಮತ್ತೆ ಹೋಗ್ತೀಯಾ? ಹೋಗು ಹೋಗು, ಅದೇ ನನಗೆ ಬೇಕಾಗಿದ್ದು. ತಿರುಗಿಸ್ಕೋ… ವೇಗ ಸಾಕು… ಸಾಕು ಅಂದೆ… ತುಳಿ. ಹಾಂ. ಭೇಷ್.

ಇನ್ನೊಂದ್ಸಲಾನಾ?

ರಶ್ಮಿ, ಸಾಕು ಕಣೆ. ಟೈರು ಸವೆದೋಗುತ್ತೆ. ಒಂದೇ ದಿನಕ್ಕೆ ಎಷ್ಟು ಕಲೀತೀಯ? ನಡೀ, ಕಾಫಿ ಕುಡಿಯಾನ… ಕೇಳಿಸ್ತಾ ಇಲ್ವಾ ನಿಂಗೆ? ಗೋಡೆ ಹತ್ರ ಬಂತು, ಗೋಡೆ… ತುಳೀ!

ಏನಾಗೈತೆ ನಿಂಗೆ? ಇನ್ನೊಂದು ಗೇಣು ಹೋಗಿದ್ರೆ ಸ್ಟೋರಿನ ಗೋಡೆಗೆ ಹೊಡೀತಿದ್ದೆ. ಎಂಜಿನ್ ಯಾಕೆ ಆಫ್ ಮಾಡಿದೆ? ಕೀಲಿ ಕೊಡು ಇಲ್ಲಿ. ಕೊಡಲ್ವಾ? ಆಯ್ತು, ಮುಷ್ಟೀಲೇ ಇಟ್ಕೋ.

ಹಂಗೆ ನೋಡ್ಬೇಡ. ಏನು? ಅವತ್ತು ಪೆಡಲ್ ನಡುಗಲಿಲ್ಲ, ಅದೇ ತಾನೇ ನೀನು ಯೋಚಿಸ್ತಿರೋದು? ಅವತ್ತು ಗಾಬರೀಲಿ ನಿನಗೆ ಗೊತ್ತಾಗಿರಲ್ಲ. ಗುದ್ದಿದ ಏಟಿಗೆ ಎಲ್ಲಾ ಮರ್ತುಹೋಗಿರುತ್ತೆ. ಇಲ್ಲಾಂದ್ರೆ… ಇಲ್ಲಾಂದ್ರೆ ಜಯಕುಮಾರ ರಿಪೇರಿ ಮಾಡುವಾಗ ಹೊಸದೇನಾದ್ರೂ ಹಾಕಿದ್ನೋ ಏನೋ. ಹಾಕಿರ್ತಾನೆ. ಅವನಿಗೇನು, ಹೇಳ್ದೆ ಕೇಳ್ದೆ ಏನಾದ್ರೊಂದು ಹಾಕ್ತಾನೆ.

ಯಾಕೆ ನಗ್ತಿದ್ದೀಯ?

ಮೊದಲಿಂದ ಐತೆ ಅಂದೋನು ನಾನೇ, ಹೊಸದಾಗಿ ಹಾಕಿರ್ತಾನೆ ಅಂದೋನೂ ನಾನೇ. ಗೊತ್ತಾಯ್ತು ಬುಡು. ನಿನ್ನ ಕೆಲಸವೇ ಅದು ತಾನೇ, ಎರಡು ಲೋಟ ಪಕ್ಕಪಕ್ಕ ಇಟ್ಕೊಂಡು ಯಾವುದು ಕೆಟ್ಟಿದೆ ಅಂತ ಹೇಳೋದು. ಬರೀ ಕಾಲಲ್ಲೇ ಕಂಡುಹಿಡಿದ್ಬುಟ್ಟೆ.

ಫ್ಯೂಸು ತೆಗ್ದಿದ್ದೆ ಕಣೆ. ಎಬಿಎಸ್ ಫ್ಯೂಸು. ನಾನೊಬ್ಬನೇ ಅಲ್ಲ, ಕೆಸರಲ್ಲಿ ಓಡಿಸೋರು ಎಲ್ಲರೂ ತೆಗೀತಾರೆ. ಗದ್ದೆ ಮಣ್ಣಲ್ಲಿ ಎಬಿಎಸ್ ಇದ್ರೆ ಕಾರು ನಿಲ್ಲೋದೇ ಇಲ್ಲ, ಉರುಳ್ತಾನೇ ಹೋಗುತ್ತೆ. ಚಕ್ರ ಕಚ್ಕೊಂಡು ಮಣ್ಣು ಅಗೀಬೇಕು, ಆಗ ನಿಲ್ಲುತ್ತೆ. ಡಾಂಬರ್ ರೋಡಿಗೆ ಅದು ತದ್ವಿರುದ್ಧ. ಅದಕ್ಕೇ ಶನಿವಾರ ಟೈರು ಬದಲಾಯಿಸುವಾಗ ತೆಗೆಯೋದು, ಭಾನುವಾರ ಮನೆಗೆ ಬಂದು ಟೈರಿನ ಜತೆಗೇ ಹಾಕೋದು. ಪ್ರತಿಸಲ ಹಾಕಿದ್ದೀನಿ. ದೇವರಾಣೆ ಪ್ರತಿಸಲ ಹಾಕಿದ್ದೀನಿ.

ಆ ಭಾನುವಾರ ಪಾಳ್ಯದ ಗದ್ದೇಲಿ ಸ್ಪರ್ಧೆ. ಸಂಜೆ ಮಳೆ ಶುರುವಾಯ್ತು, ದೊಡ್ಡದೊಡ್ಡ ಕಾರಿನೋರೆಲ್ಲ ಹೂತುಹೋದ್ರು, ನಾನು ಎರಡನೇದಾಗಿ ಬಂದೆ. ಹಾನುಬಾಳಿನ ಲೋಹಿತ್ ಅಂತ ಮೈಕಲ್ಲಿ ಕೂಗಿದ್ರು. ನಮ್ಮಪ್ಪ ಹೋದ ಮೇಲೆ ಯಾರಾದ್ರೂ ನನ್ನ ಹೆಸರನ್ನ ಹಂಗೆ ಕರೆದಿದ್ದು ಅದೇ ಮೊದಲು ರಶ್ಮಿ. ಮನೆಗೆ ಬಂದು ಟೈರು ಬದಲಾಯಿಸ್ದೆ. ಹುಡುಗರು ಬಂದ್ರು, ಕುಣಿದಾಡಿದ್ರು. ಮರ್ತೆ. ಮನುಷ್ಯ ಅಂದ್ಮೇಲೆ ಮರೆಯಲ್ವಾ?

ಈಗ ಗೊತ್ತಾಯ್ತಲ್ಲ. ಬೈ. ಹೊಡಿ ಬೇಕಾದ್ರೆ. ಸುಮ್ನೆ ಕೂರಬೇಡ.

ಹೌದು, ಹಳದಿ ಲೈಟು. ಅದೂ ನೆನಪೈತೆ ನಂಗೆ. ಫ್ಯೂಸ್ ಇಲ್ಲ ಅಂದ್ರೆ ಮೀಟರಲ್ಲಿ ಹಳದಿ ಲೈಟು ಉರಿಯುತ್ತೆ. ನೀನು ನೋಡಿದ್ದೆ. ಗೇಟಿನ ಹತ್ರ ನಿಲ್ಲಿಸಿ ಫೋನ್ ಮಾಡಿ ಕೇಳಿದ್ದೆ, ಏನೋ ಹಳದಿ ಲೈಟು ಉರೀತಾ ಐತಲ್ಲ ಅಂತ. ನಾನು ಏನಂದೆ? ನಾವು ಅಷ್ಟೆಲ್ಲ ಬದಲಾಯಿಸಿರೋ ಕಾರು, ಒಂದಲ್ಲ ಒಂದು ಲೈಟು ಉರೀತಾನೇ ಇರುತ್ತೆ, ನೀನು ಹೋಗು ಅಂದೆ. ಮಾಮೂಲಾಗಿ ಹೇಳೋದನ್ನೇ ಹೇಳ್ದೆ. ಹಾಸಿಗೇಲಿ ಮಲಗಿದ್ದೆ, ನಿದ್ದೆಗಣ್ಣು.

ಅಷ್ಟೇ ಕಣೆ. ಇನ್ನೇನಿಲ್ಲ.

ಇನ್ನೇನಿಲ್ಲ ಅಂದೆನಲ್ಲ. ಯಾಕೆ ಇನ್ನೂ ನನ್ನೇ ನೋಡ್ತಿದ್ದೀಯ? ಏನಾದ್ರೂ ಅನ್ನು. ಪಾಪಿ ಅನ್ನು. ಮುಖ ಆ ಕಡೆಗಾದ್ರೂ ತಿರುಗಿಸು…

ನೆನಪಾಯ್ತು.

ಫೋನ್ ಇಟ್ಟ ಮೇಲೆ ನೆನಪಾಯ್ತು. ಪ್ಯಾಂಟು ಹಾಕ್ಕೊಳ್ಳುವಾಗ ಜೇಬಲ್ಲಿ ಕೈಗೆ ಸಿಕ್ತು ಫ್ಯೂಸು. ನೀವಿನ್ನೂ ಹಾನುಬಾಳು ದಾಟಿರಲಿಲ್ಲ. ಫೋನ್ ಕೈಲೇ ಇತ್ತು, ಸಿಗ್ನಲ್ಲೂ ಇತ್ತು. ನಿಲ್ಲಿಸು, ಬಂದು ಹಾಕ್ತೀನಿ ಅಂತ ಒಂದು ಮಾತು. ಅಷ್ಟು ಹೇಳಿದ್ರೆ ಸಾಕಿತ್ತು. ಆದ್ರೆ ಅವ್ವ ಪಕ್ಕದಲ್ಲಿ ಕೂತವ್ಳೆ, ಅವಳಿಗೂ ಗೊತ್ತಾಗುತ್ತೆ. ನಿನಗೂ ಗೊತ್ತಾಗುತ್ತೆ. ಬ್ರೇಕ್ ಕಿತ್ತಿಟ್ಟಿರೋ ಕಾರಲ್ಲಿ ಮನೇರನ್ನ ಕಳಿಸಿದ್ದಾನೆ ಅಂದ್ರೆ ನೀನು ಮಾರನೇ ದಿನ ನನ್ನ ರೇಸು ಬಿಡಿಸ್ತಿದ್ದೆ. ಹಿಂದಿನ ದಿನವಷ್ಟೇ ಮೈಕಲ್ಲಿ ಹೆಸರು ಕೂಗಿದ್ದು… ಬ್ರೇಕ್ ಏನೂ ಇಲ್ಲ ಅಂತಲ್ಲವಲ್ಲ, ಹಳೇ ಕಾರಿಗೆಲ್ಲ ಎಬಿಎಸ್ ಎಲ್ಲಿತ್ತು, ಇವಳು ನಿಧಾನಕ್ಕೆ ಓಡಿಸೋಳು, ಸಂಜೆ ಬಂದ ಮೇಲೆ ಹಾಕಿದ್ರಾಯ್ತು. ಹಿಂಗಂದ್ಕೊಂಡು ಹಲ್ಲುಜ್ಜೋಕೆ ಹೋದೆ.

ಆಸ್ಪತ್ರೇಲಿ ನಿನ್ನ ಬೆನ್ನು ಸವರ್ತಿದ್ದಾಗ್ಲೂ ಅದು ನನ್ನ ಜೇಬಲ್ಲೇ ಇತ್ತು. ಕಾರನ್ನ ಗ್ಯಾರೇಜಿಗೆ ಎಳೆದು ತಂದ ಮೇಲೆ, ಜಯಕುಮಾರ ಊಟಕ್ಕೆ ಹೋದಾಗ ಹಾಕ್ಬುಟ್ಟೆ. ಅವನಿಗೂ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಿನ್ನನ್ನ ಒಂದಿನ ಬೈಲಿಲ್ಲ ಅಂತ ಎದೆ ತಟ್ಕೋತಿದ್ನಲ್ಲ, ಬೈಯೋ ಮುಖ ನನಗೆಲ್ಲಿತ್ತು? ನೀನು ಓಡಿಸೋಕೆ ಶುರು ಮಾಡಿದ್ರೆ ಎಲ್ಲ ಸರಿಹೋಯ್ತು ಅಂತ ಅಂದ್ಕೋಬೌದಾಗಿತ್ತು. ಅದಕ್ಕೇ ಈ ನೀರು, ಈ ಮರಳು. ನಿನಗೋಸ್ಕರ ಅಂದೆ. ನನಗೋಸ್ಕರ ಕಣೆ.

ಕ್ಷಮಿಸು ಅನ್ನಲ್ಲ. ಏನು ಮಾಡ್ಬೇಕು ಹೇಳು, ಮಾಡ್ತೀನಿ. ಕಾರು ಮಾರ್ಬುಡಾನ. ನಾಳೇನೇ ಮಾರ್ಬುಡಾನ. ನೀನು ಕೆಲಸಕ್ಕೆ ಹೋಗು, ನಾನು ಬೈಕಲ್ಲಿ ಬಿಟ್ಟು ಬರ್ತೀನಿ, ಕರ್ಕೊಂಡು ಬರ್ತೀನಿ. ಅವ್ವನ್ನ ಮಾತ್ರ… ಅವ್ವನಿಗೆ ಮಾತ್ರ ಈಗ ಬೇಡ. ನಡಿಯೋಕೆ ಶುರು ಮಾಡವ್ಳೆ, ಈ ಸುದ್ದಿ ಕೇಳಿದ್ರೆ ಕುಸಿದು ಹೋಗ್ತಾಳೆ. ನಮ್ಮಿಬ್ಬರ ನಡುವೆ ಇರಲಿ. ಏನಂತೀಯ? ಸ್ವಲ್ಪ ದಿನ ಕಳೀಲಿ, ನಾನೇ ಸಮಯ ನೋಡಿ ನಿಧಾನಕ್ಕೆ…

ಯಾರಿಗೆ ಮಾಡ್ತಿದ್ದೀಯ ಫೋನು?

ಬೇಡ ರಶ್ಮಿ. ಸ್ಪೀಕರ್ ಯಾಕೆ ಹಾಕಿದೆ, ಕಟ್ ಮಾಡು. ನನ್ನ ಕೈಗೆ ಯಾಕೆ ಕೊಡ್ತೀಯ, ನೀನೇ ಮಾತಾಡು. ಏನಂತ ಶುರು ಮಾಡ್ಲಿ ನಾನು? ರಿಂಗ್ ಆಗ್ತಾ ಐತೆ, ಕಟ್ ಮಾಡೇ, ನಿನ್ನ ಕಾಲಿಗೆ ಬೀಳ್ತೀನಿ, ಕಟ್…

ಹಲೋ… ಅವ್ವಾ. ನಾನು ಕಣವ್ವ. ಊಟ ಆಯ್ತಾ? ಮಾತ್ರೆ ತಗೊಂಡ್ಯಾ?… ಹೂಂ, ಕಣದಲ್ಲಿದ್ದೀನಿ. ಕಾರಲ್ಲಿ. ಹೂಂ, ಅವಳೂ ಇದ್ದಾಳೆ. ಅವಳೇ ಓಡಿಸ್ತಿದ್ದಿದ್ದು… ಬೈಬೇಡ ಅವ್ವ. ಅವಳನ್ನ ಬೈಬೇಡ, ಒಂದು ನಿಮಿಷ ನನ್ನ ಮಾತು ಕೇಳು. ಅವತ್ತು ಕಾರಿನ ಬ್ರೇಕ್ ಸರಿ ಇರಲಿಲ್ಲ. ಕೆಡಿಸಿ ಇಟ್ಟಿದ್ದು ನಾನು. ನಿಮ್ಮಿಬ್ಬರನ್ನ ಕಳಿಸಿದ್ದು ನಾನು. ಗೊತ್ತಿದ್ದೂ ತಡೀಲಿಲ್ಲ ಅವ್ವ. ನಿನ್ನ ಸೊಂಟ ಮುರಿದಿದ್ದು ನಾನು…

ಇಲ್ಲ ಅವ್ವ, ಅವಳು ಹೇಳಿಕೊಟ್ಟು ಹೇಳಿಸ್ತಿಲ್ಲ. ಬೆಳಿಗ್ಗೆಯಿಂದ ಅವಳು ಒಂದು ಮಾತೂ ಆಡಿಲ್ಲ.